ಕೋಟೆಬಾಗಿಲದವರ ಕೊನೆಯ ಮೂರು ತಿಂಗಳು

ಬಾಳಪ್ಪನ ದಿನಕರ್ಮ ಮುಗಿದ ವಾರಕ್ಕೆ ಪುರಸಭೆಯ ಜವಾನ ಬಂದು ನನ್ನ ಬಾಗಿಲಿಗೆ ನೋಟೀಸು ಅಂಟಿಸಿ ಹೋದ. ಕೈಗೇ ಕೊಡಬಹುದಿತ್ತು, ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದೆ. ಆದರೆ ಅಂಟಿಸಬೇಕೆಂದು ನಿಯಮವಂತೆ. ‘ಕೋಟೆಬಾಗಿಲ ಎಂಬ ಅಡ್ಡಹೆಸರಿನವರು ಸದರಿ ಊರಿನ ಹದ್ದಿನೊಳಗೆ ಸದರಿಯವರು ಒಬ್ಬರೇ ಉಳಿದಿರುವುದು ಕಂಡುಬಂದಿದ್ದು, ಮೂರು ತಿಂಗಳೊಳಗೆ ಇನ್ನಿಬ್ಬರನ್ನು ಹಾಜರುಪಡಿಸತಕ್ಕದ್ದು. ತಪ್ಪಿದಲ್ಲಿ ಸದರಿ ಹೆಸರನ್ನು ದಾಸ್ತಾನಿಗೆ ಜಮಾ ಮಾಡಿಕೊಳ್ಳಲಾಗುವುದು.’ ಓದಿ ಮುಗಿಸಿದಾಗ ನನಗೆ ಮೊದಲು ನೆನಪಾದದ್ದು ಸತ್ತ ಬಾಳಪ್ಪನಲ್ಲ, ಹೋಗಲಿರುವ ಹೆಸರೂ ಅಲ್ಲ. ಇಷ್ಟು ಚಿಕ್ಕ ನೋಟೀಸಿನಲ್ಲಿ ಮೂರು ಸಲ ‘ಸದರಿ’ ಬಂದಿದೆಯಲ್ಲ, ಯಾವ ಪುಣ್ಯಾತ್ಮ ಬರೆದ ಇದನ್ನು ಎಂದುಕೊಂಡೆ. ನಾನು ಅಂಥ ಮನುಷ್ಯ.

ನಮ್ಮೂರಿನಲ್ಲಿ ಮೂವರಿಗಿಂತ ಕಡಿಮೆ ಮಂದಿ ಒಂದು ಅಡ್ಡಹೆಸರನ್ನು ಇಟ್ಟುಕೊಳ್ಳುವ ಹಾಗಿಲ್ಲ. ಜಮಾ ಆದ ಹೆಸರು ಮಧ್ಯಾಹ್ನದ ಸೈರನ್ ಕೂಗುವ ಹೊತ್ತಿಗೆ ಬರೆದಲ್ಲೆಲ್ಲ ಮಾಸಿಹೋಗುತ್ತದೆ. ಬಾಗಿಲ ಫಲಕ, ಮದುವೆಯಲ್ಲಿ ಮುಯ್ಯಿ ಬಂದ ಸ್ಟೀಲ್ ಕೊಡ, ಶಾಲೆಯ ಹಾಜರಿ, ಎಲ್ಲಿಯೂ ಇರುವುದಿಲ್ಲ. ಪುರಸಭೆಯ ರೆಕಾರ್ಡ್ ರೂಮಿನ ಕಾಗದಗಳಲ್ಲಿ ಮಾತ್ರ ಉಳಿಯುತ್ತದೆ. ಹಾಗಾಗಿ ಮೂವರೇ ಇರುವ ಮನೆಗಳಲ್ಲಿ ಮೂವರೂ ಒಂದೇ ಸ್ಕೂಟರಿನಲ್ಲಿ ಕೂರುವುದಿಲ್ಲ. ಕನ್ಯೆ ಕೊಡಲು ಬಂದವರು ಹೊಲ, ನೌಕರಿ ಕೇಳುವ ಮೊದಲು “ನೀವು ಎಷ್ಟ ಮಂದಿ ಅದೀರಿ?” ಎಂದು ಕೇಳುತ್ತಾರೆ. ನಾಲ್ಕನೆಯವನು ಹುಟ್ಟಿದ ದಿನ ಮನೆಯವರು ಪುರಸಭೆಯ ಮೆಟ್ಟಿಲ ಮೇಲೆ ಪೇಢೆ ಹಂಚುತ್ತಾರೆ. ಇವೆಲ್ಲ ಗೊತ್ತಿದ್ದೂ ನಾನು ಮದುವೆಯಾಗಲಿಲ್ಲ. ಕೋಟೆಬಾಗಿಲ ಎಂಬ ಹೆಸರಿಗೆ ತಕ್ಕ ಕನ್ಯೆ ಬೇಕೆಂದು ಹದಿನೇಳು ಮನೆಗಳಲ್ಲಿ ಅವಲಕ್ಕಿ ತಿಂದು ಬಂದೆ. ಹದಿನೇಳನೆಯ ಮನೆಯವರು ಅವಲಕ್ಕಿಯನ್ನೂ ಕೊಡಲಿಲ್ಲ, ಬರೀ ಚಹಾ.

ಈ ಹೆಸರಿನ ಬಗ್ಗೆ ನನಗಿದ್ದ ಹೆಮ್ಮೆಯನ್ನು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಊರಿನ ಅರ್ಧ ಸರ್ಟಿಫಿಕೇಟುಗಳ ಮೇಲೆ, ಮುಕ್ಕಾಲು ಲಗ್ನಪತ್ರಿಕೆಗಳ ಲಕೋಟೆಯ ಮೇಲೆ ಇರುವುದು ನನ್ನ ಅಕ್ಷರ. ಆ ಕೈಯಿಂದಲೇ ನಮ್ಮ ಮನೆತನಕ್ಕೊಂದು ಲಾಂಛನ ಬರೆದಿದ್ದೆ: ಎರಡು ಬುರುಜು, ನಡುವೆ ದೊಡ್ಡ ಬಾಗಿಲು, ಮುಂದೆ ಕತ್ತಿ ಹಿಡಿದ ಹುಲಿ. ನಮ್ಮೂರಿನಲ್ಲಿ ಕೋಟೆಯೇ ಇಲ್ಲ, ಹಿಂದೆ ಇದ್ದ ಕುರುಹೂ ಇಲ್ಲ ಎಂದು ಯಾರಾದರೂ ಅಂದರೆ, “ಶತ್ರುಗಳು ಹಾಳು ಮಾಡಿರಬೇಕು” ಎನ್ನುತ್ತಿದ್ದೆ. ಯಾವ ಶತ್ರುಗಳು ಎಂದು ಯಾರೂ ಕೇಳಲಿಲ್ಲ. ಅದು ಅವರ ದೊಡ್ಡತನ.

ಬಾಳಪ್ಪ ನನ್ನ ದೊಡ್ಡಪ್ಪನ ಮಗ. ಅವನು, ಅವನ ಹೆಂಡತಿ, ನಾನು, ಹೀಗೆ ನಾವು ಮೂವರು ಹೆಸರನ್ನು ಹಿಡಿದುಕೊಂಡಿದ್ದೆವು. ಅವನು ಹೋದ, ದಿನಕರ್ಮ ಮುಗಿದ ಮರುದಿನವೇ ಹೆಂಡತಿ ಮದುವೆಯಾದ ಮಗಳ ಜೊತೆ ಪರವೂರಿಗೆ ಹೊರಟಳು. ಕೈಕಾಲು ಹಿಡಿದು ಕೇಳಿಕೊಂಡೆ: “ವೈನಿ, ಮೂರು ತಿಂಗಳು ಇಲ್ಲೇ ಇರ್ರಿ, ಅಷ್ಟರಾಗ ಏನಾರ ಮಾಡ್ತೀನಿ.” ಆಕೆ ಟ್ರಂಕಿಗೆ ಬೀಗ ಹಾಕುತ್ತಾ, “ನಲವತ್ತು ವರ್ಸ ಆ ಬಾಗಲಾ ಕಾದೇನಿ ಅಡಿವೆಪ್ಪ. ಒಳಗ ಏನೂ ಇರಲಿಲ್ಲ” ಎಂದು ಬಸ್ಸು ಹತ್ತಿದಳು.

ಉಳಿದದ್ದು ರೆಕಾರ್ಡ್ ರೂಮು. ಎಲ್ಲೋ ಒಂದು ಕವಲು ಉಳಿದಿರಬೇಕು, ನಮ್ಮವರೇ ಯಾರೋ ಹೆಸರು ಮರೆತು ಇದೇ ಊರಿನಲ್ಲಿ ಬದುಕಿರಬೇಕು ಎಂಬುದು ನನ್ನ ಲೆಕ್ಕಾಚಾರ. ಪುರಸಭೆಯ ಹಿಂದಿನ ಉದ್ದನೆಯ ಹಂಚಿನ ಕೋಣೆಯದು. ಅಲ್ಲಿ ಹುಸೇನಬಿ ಅತ್ತಾರ ಎಂಬಾಕೆ ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಹಳೆಯ ಕಾಗದ ಕೊಡುವವಳೂ ಅವಳೇ, ಹೊಸ ಹೆಸರು ದಾಖಲು ಮಾಡುವವಳೂ ಅವಳೇ. ನಾನು ಹೋದ ಮೊದಲ ದಿನ ಲಾಂಛನದ ಚಿತ್ರ ಒಯ್ದು ತೋರಿಸಿದೆ. ಕನ್ನಡಕ ಮೇಲೇರಿಸಿ ನೋಡಿ, “ಬೆಕ್ಕು ಚಂದ ಬಂದೈತ್ರಿ ಮಾಸ್ತರ” ಎಂದಳು.

ದಿನವೂ ಹತ್ತು ಗಂಟೆಗೆ ಹೋಗಿ ಐದಕ್ಕೆ ಏಳುತ್ತಿದ್ದೆ. ಜನನದ ಪುಸ್ತಕ, ಮರಣದ ಪುಸ್ತಕ, ಸಿಡುಬಿನ ಲಸಿಕೆಯ ಪಟ್ಟಿ, ದೋಣಿ ದಾಟಿದವರ ಪಟ್ಟಿ, ಅರ್ಜಿಗಳ ಗಂಟು, ಎಲ್ಲದರಲ್ಲೂ ‘ಕೋ’ ಅಕ್ಷರ ಹುಡುಕುವುದು. ಕಣ್ಣು ಎಷ್ಟು ಪಳಗಿತೆಂದರೆ ಕೋಸಂಬರಿ, ಕೋಳಿ, ಕೋರ್ಟು ಎಲ್ಲವೂ ನೆಂಟರಂತೆ ಕಾಣತೊಡಗಿದವು. ನಮ್ಮವರು ಸಿಕ್ಕರು, ಸಿಗಲಿಲ್ಲವೆಂದಲ್ಲ. ಭರಮಪ್ಪ ಕೋಟೆಬಾಗಿಲ ಸಿಕ್ಕ: ಪಕ್ಕದ ಮನೆಯ ಹುಂಜ ಹೊತ್ತಲ್ಲದ ಹೊತ್ತಿಗೆ ಕೂಗುತ್ತದೆಂದು ಹನ್ನೊಂದು ಅರ್ಜಿ ಕೊಟ್ಟವನು. ಹನ್ನೆರಡನೆಯದು ಆ ಹುಂಜದ ಮನೆಯವರದು. ಭರಮಪ್ಪ ಹುಂಜಕ್ಕಿಂತ ಮೊದಲೇ ಎದ್ದು ಕೂಗುತ್ತಾನೆಂದು. ಯಲ್ಲವ್ವ ಕೋಟೆಬಾಗಿಲ ಎಂಬಾಕೆ ಊರಿನ ತೋಟಕ್ಕೆ ಕಲ್ಲುಬೆಂಚು ದಾನ ಮಾಡಿ, ಅದರ ಮೇಲೆ ತನ್ನ ಸೊಸೆ ಕೂತಳೆಂದು ವಾಪಸ್ ತರಿಸಿಕೊಂಡಿದ್ದಳು. ಇವರೆಲ್ಲರ ಹೆಸರಿನ ಮುಂದೆ ಮರಣದ ತಾರೀಖು ಇತ್ತು. ಸಂತಾನ ಎಂಬ ಕಲಮಿನಲ್ಲಿ ಗೀಟು.

ಐದನೆಯ ವಾರ ಮೂಲಪುರುಷ ಸಿಕ್ಕ. ‘ಕೊಂಡವಾಡದ ನೌಕರರು’ ಎಂಬ ಹಳೆಯ ಪಟ್ಟಿಯಲ್ಲಿ. ಬೀಡಾಡಿ ದನಗಳನ್ನು ಹಿಡಿದು ಕೂಡಿಹಾಕುವ ಜಾಗವೇ ಕೊಂಡವಾಡ. ಅದಕ್ಕೆ ಎತ್ತರದ ಮಣ್ಣಿನ ಗೋಡೆ ಇತ್ತಂತೆ, ಹುಡುಗರು ತಮಾಷೆಗೆ ಅದನ್ನು ಕೋಟೆ ಎನ್ನುತ್ತಿದ್ದರಂತೆ. ಅದರ ಬಾಗಿಲು ತೆಗೆದು ಹಾಕುವವನು ಒಬ್ಬನಿದ್ದ. ‘ಹನುಮ, ಕೋಟೆಬಾಗಿಲ. ಕೆಲಸ: ಎಮ್ಮೆ ಒಳಗೆ ಬಿಡುವುದು, ಎಮ್ಮೆ ಹೊರಗೆ ಬಿಡುವುದು.’ ಕೆಳಗೆ ಷರಾ: ‘ಎರಡನೆಯದನ್ನು ಮರೆಯುತ್ತಾನೆ.’

ನಾನು ಪುಟ ತಿರುವದೆ ಕೂತದ್ದನ್ನು ನೋಡಿ ಹುಸೇನಬಿ ಬಂದು ಬಗ್ಗಿ ಓದಿದಳು. “ಹೋಗ್ಲಿ ಬಿಡ್ರಿ ಮಾಸ್ತರ. ಎಮ್ಮಿಗೂ ಹುಲಿಗೂ ನಾಕ ಕಾಲ” ಎಂದು ತನ್ನ ಡಬ್ಬಿಯಿಂದ ಒಂದು ಶೇಂಗಾ ಹೋಳಿಗೆ ತೆಗೆದುಕೊಟ್ಟಳು. ನಂತರ ಕೇಳಿದಳು: “ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಸತ್ತವರನ್ನ ಹುಡುಕಿದ್ದಾತು. ತೆಗೆದುಹಾಕಿದವರ ಕಪಾಟ ಯಾಕ ನೋಡವಲ್ರಿ?”

ನೋಡಿರಲಿಲ್ಲ. ನೋಡಬಾರದೆಂದೇ ನೋಡಿರಲಿಲ್ಲ. ಹೆಸರಿನಿಂದ ತೆಗೆದುಹಾಕಿದವರ ಕಪಾಟಿನಲ್ಲಿ ಯಾರಿದ್ದಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಅಕ್ಕ ಕಸ್ತೂರೆವ್ವ.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಮದುವೆಯಾಗಿ ಎರಡು ವರ್ಷಕ್ಕೆ ಗಂಡನ ಮನೆಯನ್ನೂ ಆ ಮನೆಯ ಹೆಸರನ್ನೂ ಬಿಟ್ಟು ಬಂದಳು. ಯಾಕೆ ಬಂದಳೆಂದು ಅಪ್ಪ ಕೇಳಲಿಲ್ಲ. ಅವಳ ಎಡಗೈಯ ಮುರಿದ ಬೆರಳು ನೋಡಿದ್ದರೆ ಕೇಳಬೇಕಾಗಿಯೂ ಇರಲಿಲ್ಲ. ಮನೆಯಲ್ಲಿ ಕೂತು ಅನ್ನ ತಿನ್ನುವುದಿಲ್ಲ ಎಂದು ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಖಾನಾವಳಿ ತೆಗೆದಳು. ಹೊರಗೆ ಬೋರ್ಡು: ಕೋಟೆಬಾಗಿಲ ಖಾನಾವಳಿ. ಬಸ್ಸಿನ ಕ್ಲೀನರುಗಳು “ಕೋಟೆಬಾಗಿಲಾ, ಇನ್ನೊಂದು ರೊಟ್ಟಿ” ಎಂದು ಕೂಗುವುದು ಅಪ್ಪನ ಕಿವಿಗೆ ಬಿತ್ತು. ಆಗ ನಾವು ಆರು ಮಂದಿ ಇದ್ದೆವು. ಒಬ್ಬರನ್ನು ಬಿಸಾಡುವಷ್ಟು ಸಿರಿವಂತರು. ಒಂದು ದಿನ ಸೈರನ್ ಕೂಗಿತು, ಅವಳ ಬೋರ್ಡಿನಲ್ಲಿ ‘ಖಾನಾವಳಿ’ ಮಾತ್ರ ಉಳಿಯಿತು. ಪುರಸಭೆಯವರು ದಾಸ್ತಾನಿನಲ್ಲಿದ್ದ ‘ಸೌತಿಕಾಯಿ’ ಎಂಬ ಹೆಸರನ್ನು ಅವಳಿಗೂ, ಅವಳ ಜೊತೆ ರೊಟ್ಟಿ ಬಡಿಯುತ್ತಿದ್ದ ಇಬ್ಬರು ಹೆಂಗಸರಿಗೂ ಕೊಟ್ಟರು. ಇದೆಲ್ಲ ಅಪ್ಪ ಮಾಡಿದ್ದು ಎಂದು ಮೂವತ್ತಾರು ವರ್ಷ ಎಲ್ಲರಿಗೂ ಹೇಳಿದೆ, ನನಗೂ ಹೇಳಿಕೊಂಡೆ. ಅಪ್ಪ ಸತ್ತ ಮೇಲೂ ಬಸ್‌ಸ್ಟ್ಯಾಂಡಿಗೆ ಸುತ್ತು ಬಳಸಿ ಹೋಗುತ್ತಿದ್ದೆ. ಆರೋಗ್ಯಕ್ಕೆ ನಡಿಗೆ ಒಳ್ಳೆಯದು ಎನ್ನುತ್ತಿದ್ದೆ.

ಹುಸೇನಬಿ ಕಡತ ತಂದು ಮೇಜಿನ ಮೇಲಿಟ್ಟಳು. ಬಿಚ್ಚಿದೆ. ಮೊದಲ ಹಾಳೆ ನೋಡಿದ ಕೂಡಲೇ ನನಗೆ ಅನಿಸಿದ್ದು, ಆಹಾ, ಎಂಥ ಅಕ್ಷರ. ಸಾಲು ಒಂದಿಷ್ಟೂ ಡೊಂಕಿಲ್ಲ. ಒತ್ತಕ್ಷರಗಳು ಮಲ್ಲಿಗೆ ಮೊಗ್ಗು ಪೋಣಿಸಿದ ಹಾಗೆ. ಆ ಕಾಲದಲ್ಲಿ ನಮ್ಮೂರಿನಲ್ಲಿ ಇಂಥ ಕೈ ಯಾರದಿತ್ತಪ್ಪ ಎಂದು ಮೆಚ್ಚುತ್ತಾ ಓದುತ್ತಾ ಹೋದೆ. ‘ಕಸ್ತೂರೆವ್ವ ಎಂಬ ಹೆಂಗಸಿಗೂ ನಮಗೂ ಯಾವುದೇ ರಕ್ತಸಂಬಂಧ ಇರುವುದಿಲ್ಲ.’ ‘ರಕ್ತ’ದ ಒತ್ತು ಬರೆಯುವಾಗ ಲೇಖನಿಯನ್ನು ಸ್ವಲ್ಪ ಒತ್ತಿ, ಬಾಲವನ್ನು ಹಗುರವಾಗಿ ಎಳೆದು ಬಿಟ್ಟಿದ್ದರು. ಹಾಗೆ ಬಾಲ ಎಳೆಯುವವನು ಊರಿನಲ್ಲಿ ಒಬ್ಬನೇ. ಕೊನೆಯಲ್ಲಿ ಅಪ್ಪನ ಹೆಬ್ಬೆರಳು, ದೊಡ್ಡಪ್ಪನ ಹೆಬ್ಬೆರಳು, ನನ್ನ ಸಹಿ. ಸಹಿಯ ಕೆಳಗೆ ಎರಡು ಗೆರೆ, ನಡುವೆ ಒಂದು ಚುಕ್ಕೆ. ಇಪ್ಪತ್ತನಾಲ್ಕರ ಪ್ರಾಯದಲ್ಲಿ ಅದು ಬಹಳ ಸೊಗಸು ಎಂದುಕೊಂಡಿದ್ದೆ.

ಅದರ ಹಿಂದೆ ಮೂರು ಚೀಟಿಗಳಿದ್ದವು. ಹೆಸರು ತೆಗೆಯಬಾರದೆಂದು ಅಕ್ಕ ಕೊಟ್ಟ ತಕರಾರು. ಅವಳನ್ನು ಶಾಲೆಗೆ ಕಳಿಸಿರಲಿಲ್ಲ. ನಾನು ಮನೆಗೆ ಬಂದು ಪಾಟಿಯ ಮೇಲೆ ತಿದ್ದುವಾಗ ಪಕ್ಕದಲ್ಲಿ ಕೂತು ಕಲಿತಷ್ಟೇ ಅವಳ ಅಕ್ಷರ. ಮೊದಲ ಚೀಟಿಯಲ್ಲಿ ಹೀಗಿತ್ತು: ‘ಸಾಯಬರಿಗೆ ಕಸ್ತುರೆವ್ವ ಮಾಡುವ ಇನಂತಿ. ನಾನು ಅವರ ಮಗಳು ಹವುದು. ನನಗೆ ಕಾಗದ ಪತ್ರ ಎಲ್ಲ ನನ್ನ ತಮ್ಮ ಬರದು ಕೊಡತಿದ್ದ. ಈಗ ಅವನು ಕೊಡುದಿಲ್ಲ. ಅದಕೆ ತಪ್ಪ ಇದ್ದರ ಮಾಪಿ ಮಾಡಬೇಕು.’ ಮೂರೂ ಚೀಟಿಗಳ ಮೇಲೆ ಯಾರೋ ಕೆಂಪು ಶಾಯಿಯಲ್ಲಿ ‘ಅಸ್ಪಷ್ಟ’ ಎಂದು ಬರೆದಿದ್ದರು.

“ಏನಾತ್ರಿ?” ಎಂದಳು ಹುಸೇನಬಿ.

“ಧೂಳು” ಎಂದೆ.

“ಇವತ್ತ ಮುಂಜಾನೆ ನಾನ ಒರಿಸೇನಿ. ಧೂಳಿನ ಮ್ಯಾಲ ಹಾಕಬ್ಯಾಡ್ರಿ” ಎಂದು ಕುರ್ಚಿ ಎಳೆದು ಎದುರಿಗೆ ಕುಳಿತಳು.

ಇಷ್ಟಾದ ಮೇಲಾದರೂ ನಾನು ಓಡಿಹೋಗಿ ಅಕ್ಕನ ಕಾಲು ಹಿಡಿದೆನೆಂದು ಬರೆಯುವ ಆಸೆಯಿದೆ. ಹಾಗಾಗಲಿಲ್ಲ. ನಾಲ್ಕು ದಿನ ಮನೆಯಲ್ಲಿ ಕೂತು ಅವಳಿಗೆ ಹೇಳಬೇಕಾದ ಭಾಷಣ ಬರೆದೆ. ಅದರ ಸಾರ: ನೀನು, ನಿನ್ನ ಮನೆಯವರು ಮತ್ತೆ ಕೋಟೆಬಾಗಿಲಕ್ಕೆ ಬಂದರೆ ಮನೆತನ ಉಳಿಯುತ್ತದೆ, ನಾನು ಕ್ಷಮಿಸುತ್ತೇನೆ. ‘ಕ್ಷಮಿಸುತ್ತೇನೆ’ ಎಂಬ ಮಾತನ್ನು ಐದನೆಯ ದಿನ ಹೊಡೆದುಹಾಕಿದೆ. ಅಷ್ಟಕ್ಕೇ ನನ್ನ ಬಗ್ಗೆ ನನಗೆ ಬಹಳ ಒಳ್ಳೆಯ ಅಭಿಪ್ರಾಯ ಬಂತು.

ಮಧ್ಯಾಹ್ನ ಒಂದರ ಸುಮಾರಿಗೆ ಖಾನಾವಳಿಗೆ ಹೋದೆ. ಗದ್ದಲವೋ ಗದ್ದಲ. ಅಕ್ಕ ಬಾಗಿಲ ಬಳಿ ಎತ್ತರದ ಸ್ಟೂಲಿನ ಮೇಲೆ ಕೂತು ಊಟದ ಚೀಟಿ ಕೊಡುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೂವತ್ತಾರು ವರ್ಷದ ಮೇಲೆ ಎದುರು ನಿಂತ ತಮ್ಮನನ್ನು ಕೆಳಗಿನಿಂದ ಮೇಲೆ ನೋಡಿ ಕೇಳಿದಳು: “ರೊಟ್ಟಿ ಊಟಾನೋ, ಅನ್ನದ ಊಟಾನೋ?”

ಭಾಷಣ ಜೇಬಿನಲ್ಲಿತ್ತು. “ರೊಟ್ಟಿ” ಎಂದೆ.

ಎಣ್ಣೆಗಾಯಿ, ಹೆಸರುಕಾಳು, ಗುರೆಳ್ಳು ಚಟ್ನಿ, ಬಿಸಿ ರೊಟ್ಟಿ. ನಾನು ಇಷ್ಟು ವರ್ಷ ಸ್ಟವ್ ಮೇಲೆ ಬೇಯಿಸಿಕೊಂಡದ್ದು ಊಟವಲ್ಲ ಎಂದು ಎರಡನೆಯ ತುತ್ತಿಗೇ ಗೊತ್ತಾಯಿತು. ಜನ ಕರಗಿದ ಮೇಲೆ ಅವಳೇ ಬಂದು ಎದುರಿನ ಬೆಂಚಿನಲ್ಲಿ ಕುಳಿತಳು. “ನೋಟೀಸ ಬಂದೈತಂತ” ಎಂದಳು.

ಭಾಷಣ ತೆಗೆಯಲು ಹೋದೆ, ಕೈ ಎಂಜಲಾಗಿತ್ತು. ಹಾಗಾಗಿ ಬಾಯಿಗೆ ಬಂದದ್ದನ್ನು ಹೇಳಿದೆ: “ಅಕ್ಕಾ, ಆ ಅರ್ಜಿ ಬರದಾಂವ ನಾನ.”

“ಗೊತ್ತೈತಿ.”

“ಅಪ್ಪ ಹೇಳಿದಾ, ನಾ ಬರದೆ. ಆದ್ರ... ಬರಿಯೂ ಮುಂದ ಒಂದ ಮಾತ ಬ್ಯಾಡ ಅನ್ನಲಿಲ್ಲ. ಚಂದ ಬರೀಬೇಕು ಅನ್ನೂದೊಂದ ತಲ್ಯಾಗಿತ್ತು.”

“ಅದೂ ಗೊತ್ತೈತಿ. ನನಗ ತೋರಿಸಿದ್ರಲ್ಲ ಪುರಸಭ್ಯಾಗ. ನನಗ ನೆಟ್ಟಗ ಓದಾಕ ಬರೂದ ಅದೊಂದ ಅಕ್ಷರ, ಮಾಸ್ತರ. ನಿಮ್ಮ ಪಾಟಿ ನೋಡೇ ಕಲತಾಕಿ. ಬ್ಯಾರೇದವರು ಬರದಿದ್ರ ನನಗ ತಿಳೀತಿರಲಿಲ್ಲ, ಅಡ್ಡಿ ಇರಲಿಲ್ಲ.” ಅವಳು ನನ್ನ ತಟ್ಟೆ ನೋಡುತ್ತಾ ಕೇಳಿದಳು, “ನನ್ನ ಚೀಟಿ ಓದಿದಿರೇನು?”

“ಓದಿದೆ.”

“ತಪ್ಪ ಎಷ್ಟಿದ್ದುವು?”

ಇಲ್ಲಿ ಯಾವ ಮನುಷ್ಯನಾದರೂ ಸುಮ್ಮನಿರುತ್ತಿದ್ದ. “ಮೂರರದೂ ಕೂಡಿ ನಲವತ್ತೊಂದು” ಎಂದೆ.

ಅಕ್ಕ ನನ್ನ ಮುಖವನ್ನೇ ನೋಡಿದಳು. ಆಮೇಲೆ ನಕ್ಕಳು. ಒಳಗಿನಿಂದ ಹೆಂಗಸರು ಏನಾಯಿತೆಂದು ಇಣುಕುವಷ್ಟು ನಕ್ಕಳು. ಕಣ್ಣೊರೆಸಿಕೊಂಡು ಹೇಳಿದಳು: “ನಾವೀಗ ಹನ್ನೊಂದು ಮಂದಿ ಸೌತಿಕಾಯಿ ಅದೇವಿ. ಗಂಡ ಬಿಟ್ಟಾಕಿ, ಮಕ್ಕಳು ಹೊರಗ ಹಾಕಿದಾಕಿ, ಕಣ್ಣ ಕಾಣದ ಒಬ್ಬ ಡ್ರೈವರ್. ಯಾರಿಗೂ ಈ ಹೆಸರ ಭಾರ ಅನ್ನಿಸಿಲ್ಲ. ನಾ ಬಂದು ಕೋಟೆಬಾಗಿಲ ಆಗ್ರಿ ಅಂದ್ರ ಒಬ್ರೂ ಆಗಂಗಿಲ್ಲ, ನಾನೂ ಆಗಂಗಿಲ್ಲ. ಅದನ್ನ ಕೇಳಾಕ ಬಂದಿದ್ರ, ಆತು. ಉಣ್ಣಾಕ ಬಂದಿದ್ರ ಇನ್ನೊಂದ ರೊಟ್ಟಿ ಐತಿ.”

ಇನ್ನೊಂದು ರೊಟ್ಟಿ ತಿಂದೆ. ಮರುದಿನವೂ ಹೋದೆ, ಅದರ ಮರುದಿನವೂ. ಅಕ್ಕ ಚೀಟಿ ಕೊಡುವಳು, ನಾನು ಉಣ್ಣುವೆ. ಕಣ್ಣು ಕಾಣದ ಡ್ರೈವರ್ ಗೂಳಪ್ಪನಿಗೆ ಪೇಪರು ಓದಿ ಹೇಳತೊಡಗಿದೆ. ಅವನು ಮೂರನೆಯ ದಿನ, “ಮಾಸ್ತರ, ಸುದ್ದಿ ಓದ್ರಿ, ಅಚ್ಚಿನ ತಪ್ಪ ಹೇಳಬ್ಯಾಡ್ರಿ” ಎಂದ. ರೆಕಾರ್ಡ್ ರೂಮಿಗೆ ಹೋಗುವುದು ಕಡಿಮೆಯಾಯಿತು. ಹುಡುಕುವುದು ಮುಗಿದಿತ್ತು, ಸಿಕ್ಕವರು ನಮ್ಮ ಹೆಸರು ಬೇಡವೆಂದಿದ್ದರು, ಅದರಲ್ಲಿ ನ್ಯಾಯವೂ ಇತ್ತು.

ಗಡುವಿನ ದಿನ ಬಂತು. ಬೆಳಿಗ್ಗೆಯಿಂದ ಬಾಗಿಲ ಫಲಕದ ಎದುರು ಕುರ್ಚಿ ಹಾಕಿಕೊಂಡು ಕೂತೆ. ಹೆಸರು ಹೇಗೆ ಹೋಗುತ್ತದೆಂದು ಕಣ್ಣಾರೆ ನೋಡಬೇಕೆಂದಿತ್ತು. ಸೈರನ್ ಕೂಗುವಾಗ ಸರಿಯಾಗಿ ಒಂದು ಸೀನು ಬಂತು. ಕಣ್ಣು ತೆರೆದರೆ ಫಲಕದಲ್ಲಿ ‘ಅಡಿವೆಪ್ಪ’ ಮಾತ್ರ ಇತ್ತು, ಮುಂದೆ ನುಣ್ಣಗಿನ ಹಿತ್ತಾಳೆ. ಅಳು ಬರಬಹುದೆಂದು ಕಾದೆ. ಹಸಿವು ಬಂತು.

ಖಾನಾವಳಿಯಲ್ಲಿ ಅಕ್ಕ ಚೀಟಿ ಕೊಡದೆ ಕೇಳಿದಳು: “ಹೋತೇನು?”

“ಹೋತು.”

“ಈಗೇನ ಮಾಡ್ತೀರಿ?”

“ದಾಸ್ತಾನಿನ್ಯಾಗ ಒಂದ ಹೆಸರು ಉಳದೈತಂತ. ಬಕ್ಕತಲಿ. ಅದಕ್ಕ ಇನ್ನಿಬ್ಬರು ಕಾಯಾಕತ್ತಾರ, ನಾ ಹೋದ್ರ ಮೂರಾಗತೈತಿ.”

ಅಕ್ಕ ನನ್ನ ತಲೆಯ ಕಡೆ ನೋಡಿದಳು. “ಹೊಂದತೈತಿ” ಎಂದಳು. ಆಮೇಲೆ ಚೀಟಿಯ ಡಬ್ಬಿಯನ್ನು ಒಳಗಿನವರಿಗೆ ಕೊಟ್ಟು, ಸೆರಗಿಗೆ ಕೈ ಒರೆಸಿ, ಚಪ್ಪಲಿ ಹುಡುಕಿ ಮೆಟ್ಟಿಕೊಂಡಳು. “ನಡೀರಿ” ಎಂದಳು. ಎಲ್ಲಿಗೆ ಎಂದು ಕೇಳುವ ಧೈರ್ಯವಾಗದೆ ಹಿಂದೆ ನಡೆದೆ.

ರೆಕಾರ್ಡ್ ರೂಮಿನಲ್ಲಿ ಹುಸೇನಬಿ ಫಾರ್ಮು ತೆಗೆದಳು. “ಸೌತಿಕಾಯಿಗೆ ಹೊಸದಾಗಿ ಸೇರೂದು. ಹೆಸರು ಅಡಿವೆಪ್ಪ. ಸಂಬಂಧ?”

“ತಮ್ಮ ಅಂತ ಬರಕೋ” ಎಂದಳು ಅಕ್ಕ, ಬೇರೆ ಕಡೆ ನೋಡುತ್ತಾ.

ಆದರೆ ಹುಸೇನಬಿ ಪೆನ್ನು ಕೆಳಗಿಟ್ಟಳು. “ಅದು ಬರಂಗಿಲ್ಲವ್ವಾ. ರಕ್ತಸಂಬಂಧ ಇಲ್ಲ ಅಂತ ಇಲ್ಲೇ ಕಾಗದ ಐತಿ. ಅದು ರದ್ದಾಗಬೇಕಂದ್ರ ಕೋಟೆಬಾಗಿಲದವರು ಮೂರ ಮಂದಿ ಸಹಿ ಮಾಡಬೇಕು. ಈಗ ಒಬ್ರೂ ಇಲ್ಲ.” ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು. “ಭಾಳ ಬಿಗಿ ಆಗಿ ಬರದಾರ ಅದನ್ನ. ಎಲ್ಲೂ ಸಂದ ಬಿಟ್ಟಿಲ್ಲ.”

ನನ್ನ ಅಕ್ಷರದ ಬಗ್ಗೆ ಬಂದ ಹೊಗಳಿಕೆಗಳಲ್ಲಿ ಅದೇ ಕೊನೆಯದು.

“ಬ್ಯಾರೆ ಏನೈತಿ ಆ ಕಲಮಿನ್ಯಾಗ?” ಅಕ್ಕ ಕೇಳಿದಳು.

“ಲಗ್ನ ಐತಿ, ಅದಂತೂ ಅಲ್ಲ. ದತ್ತಕ ಐತಿ.”

“ಹಂಗಾರ ದತ್ತಕ ಬರಿ.”

“ಅಕ್ಕಾ, ನನಗ ಅರವತ್ತು” ಎಂದೆ.

“ಕೂಸಿನ ವಯಸ್ಸು ಅರವತ್ತು” ಎನ್ನುತ್ತಾ ಹುಸೇನಬಿ ಬರೆದುಕೊಂಡಳು. “ತಗೊಳ್ಳೂ ತಾಯಿ ವಯಸ್ಸು ಅರವತ್ನಾಕು. ಅಂತರ ಎಷ್ಟಿರಬೇಕಂತ ಎಲ್ಲೂ ಹೇಳಿಲ್ಲ ಬಿಡ್ರಿ. ಕೂಸಿಗೆ ಸಿಡುಬಿನ ದೇವಿ ಹಾಕಿಸೇರೇನು? ಹಾಲ ಬಿಡಿಸೇರೇನು?” ಅವಳ ಮುಖದಲ್ಲಿ ನಗೆಯ ಸುಳಿವೇ ಇರಲಿಲ್ಲ, ಫಾರ್ಮಿನಲ್ಲಿ ಅವೆಲ್ಲ ಇದ್ದವು. “ಕೂಸನ್ನ ಯಾಕ ತಗೋತೀರಿ ಅಂತ ಒಂದ ಸಾಲ ಬರೀಬೇಕು. ಇದನ್ನ ತಗೊಳ್ಳೋರ ಸ್ವಂತ ಕೈಲೆ ಬರೀಬೇಕು.”

ಅಕ್ಕ ಫಾರ್ಮು ತನ್ನ ಕಡೆ ಎಳೆದುಕೊಂಡಳು. ಡೊಂಕು ಬೆರಳಿನ ಎಡಗೈಯಿಂದ ಕಾಗದ ಒತ್ತಿ ಹಿಡಿದು, ಒಂದೊಂದೇ ಅಕ್ಷರ ಮೂಡಿಸಿದಳು. ಬಹಳ ಹೊತ್ತು ಹಿಡಿಯಿತು. ನಾನು ಬಗ್ಗಿ ಓದಿದೆ: ‘ಇವನಿಗೆ ಯಾರು ಇಲ್ಲ. ಊಟ ಚಲೊ ಮಾಡತಾನ.’ ‘ಯಾರೂ’ದ ದೀರ್ಘ ಬಿಟ್ಟುಹೋಗಿತ್ತು. ಬಾಯಿ ಬಿಡಲಿಲ್ಲ. ಅರವತ್ತು ವರ್ಷದಲ್ಲಿ ಮೊದಲ ಸಲ.

ಹುಸೇನಬಿ ಠಸ್ಸೆ ಒತ್ತಿದಳು. ಹೊರಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಏನಾದರೂ ಹೇಳಬೇಕೆಂದು ನಾನು ಮಾತು ಹುಡುಕುತ್ತಿದ್ದೆ. ಅಕ್ಕ ಮೆಟ್ಟಿಲಿಳಿದು, ಹಿಂದೆ ತಿರುಗದೆ ಹೇಳಿದಳು:

“ನಾಳೆ ಹತ್ತಕ್ಕ ಬಾ. ಉಳ್ಳಾಗಡ್ಡಿ ಹೆಚ್ಚೂದೈತಿ.”

ನಾನು ಒಂಬತ್ತಕ್ಕೇ ಹೋದೆ.